ಸಿಂಹ ಬೇರೆ, ಸಿ೦ಹ ಬೇರೆ

ತಲೆಬರಹದಲ್ಲಿ ಎರಡು ಸಿಂಹಗಳಿವೆ. ಕಣ್ಣಿಗೆ ಒಂದೇ ಥರ ಕಾಣುತ್ತವೆ, ಅಲ್ವಾ? ಬಹಳ ಹೊತ್ತು ದಿಟ್ಟಿಸಿದರೆ ಎರಡನೆಯದರ ಸೊನ್ನೆ ಕೂದಲೆಳೆಯಷ್ಟು ದೊಡ್ಡದು ಅನ್ನಿಸಬಹುದು, ಅದೂ ನಿಮ್ಮ ಫಾಂಟ್ ಮೇಲೆ ನಿಂತಿದೆ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ನಂಬರು ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅನುಸ್ವಾರದ ನಂಬರು 3202, ಸೊನ್ನೆಯ ನಂಬರು 3302. ಸರಿಯಾಗಿ ನೂರರ ಅಂತರ. ಕಂಪ್ಯೂಟರಿಗೆ ಆಕಾರ ಗೊತ್ತಿಲ್ಲ, ನಂಬರು ಮಾತ್ರ ಗೊತ್ತು. ಹಾಗಾಗಿ ಅದರ ಲೆಕ್ಕದಲ್ಲಿ ಈ ಎರಡು ಸಿಂಹಗಳಿಗೆ ಯಾವ ನೆಂಟಸ್ತಿಕೆಯೂ ಇಲ್ಲ.

ಈಗ ಆನ್‌ಲೈನ್ ಆಟವೊಂದರಲ್ಲಿ ನೀವು ಮೊದಲನೇ ಸಿಂಹ ಅಂದುಕೊಳ್ಳಿ. ಎರಡನೇ ಸಿಂಹದ ಹೆಸರು ಖಾಲಿ ಇದೆ ಅಂತ ಸರ್ವರ್ ನನಗೆ ಕೊಡುತ್ತದೆ. ನಾನು ನಿಮ್ಮ ಗಿಲ್ಡಿನ, ಅಂದರೆ ಆಟದೊಳಗಿನ ತಂಡದ, ಗೆಳೆಯರ ಹತ್ತಿರ ಹೋಗಿ "ನಾನೇ ಕಣ್ರೋ, ಆ ಕತ್ತಿ ಸ್ವಲ್ಪ ಕೊಡಿ" ಅನ್ನುತ್ತೇನೆ. ಅವರು ಕೊಡುತ್ತಾರೆ. ಕೊಟ್ಟ ಮೇಲೆ ಕತ್ತಿಯೂ ಇಲ್ಲ, ನಾನೂ ಇಲ್ಲ. ಇದು ಕಲ್ಪನೆ ಅಲ್ಲ. ನಾನು ಆಡುತ್ತಿದ್ದ ಒಂದು ಆಟದಲ್ಲಿ ಇಂಗ್ಲಿಷಿನ ದೊಡ್ಡ ಐ ಮತ್ತು ಸಣ್ಣ ಎಲ್ ಅದಲುಬದಲು ಮಾಡಿ ನಮ್ಮ ನಾಯಕನ ವೇಷ ಹಾಕಿದವನೊಬ್ಬ ಗಿಲ್ಡಿನ ಅರ್ಧ ಖಜಾನೆ ಖಾಲಿ ಮಾಡಿದ್ದ.

ಪಾತ್ರಕ್ಕೆ ಹೆಸರಿಡುವ ನಿಯಮಗಳನ್ನು ಬೈಯುವವರೇ ಜಾಸ್ತಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2ರಿಂದ 12 ಅಕ್ಷರ, ಅಂಕಿ ಇಲ್ಲ, ಖಾಲಿ ಜಾಗ ಇಲ್ಲ. ಮೈನ್‌ಕ್ರಾಫ್ಟ್‌ನಲ್ಲಿ 3ರಿಂದ 16. ಫೈನಲ್ ಫ್ಯಾಂಟಸಿ 14ರಲ್ಲಿ ಹೆಸರು ಬೇರೆ, ಮನೆತನದ ಹೆಸರು ಬೇರೆ, ಒಂದೊಂದೂ 15 ದಾಟಬಾರದು, ಎರಡೂ ಸೇರಿ 20 ದಾಟಬಾರದು. "ಸುಮ್ನೆ ಕಾಟ ಕೊಡ್ತಾರೆ" ಅಂತ ಒಬ್ಬರು, "ಜಾಗ ಉಳಿಸೋಕೆ" ಅಂತ ಇನ್ನೊಬ್ಬರು. ಇವರ ಜೊತೆಗೆ ಸಂಖ್ಯಾಶಾಸ್ತ್ರದವರು ಬೇರೆ. ಹೆಸರಿಗೆ ಇನ್ನೊಂದು ಎಚ್ ಸೇರಿಸಿದರೆ ಗೆಲುವು ಗ್ಯಾರಂಟಿ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅಕ್ಷರದ ಬೆಲೆ ಎಂಟಕ್ಕೋ ಒಂಬತ್ತಕ್ಕೋ ಮುಗಿಯುತ್ತದೆ. ಸರ್ವರ್ ಹತ್ತಿರವಾದರೋ ಪ್ರತಿ ಅಕ್ಷರಕ್ಕೂ ನಿಜವಾಗಲೂ ಒಂದು ಸಂಖ್ಯೆ ಇದೆ. ಅದರಿಂದ ಯಾರ ಹಣೆಬರಹವೂ ಬದಲಾದದ್ದಿಲ್ಲ, ಲಾಗಿನ್ ಆಗುತ್ತೋ ಇಲ್ಲವೋ ಅನ್ನುವುದೊಂದನ್ನು ಬಿಟ್ಟು.

ಜಾಗ ಉಳಿಸುವ ಮಾತು ಒಂದು ಕಾಲಕ್ಕೆ ನಿಜವೇ ಆಗಿತ್ತು. ಹಲವರು ಒಟ್ಟಿಗೆ ಆಡುವ ಇಂಥ ಆಟಗಳ ಮೂಲಪುರುಷ ಅನ್ನಬಹುದಾದ 'ಮಡ್' ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಷಾ ಶುರು ಮಾಡಿದರು, ರಿಚರ್ಡ್ ಬಾರ್ಟಲ್ ಮುಂದುವರಿಸಿದರು. ಅದು ಓಡುತ್ತಿದ್ದದ್ದು ಪಿಡಿಪಿ-10 ಅನ್ನುವ ದೊಡ್ಡ ಯಂತ್ರದ ಮೇಲೆ. ಆ ಯಂತ್ರ ಒಂದು ಸಲಕ್ಕೆ ಹಿಡಿಯುತ್ತಿದ್ದ ತುತ್ತು 36 ಬಿಟ್. ಒಂದು ಅಕ್ಷರಕ್ಕೆ 6 ಬಿಟ್ ಕೊಟ್ಟರೆ ತುತ್ತಿಗೆ ಆರೇ ಅಕ್ಷರ. ಹಾಗಾಗಿ ಅಲ್ಲಿ ಫೈಲಿನ ಹೆಸರು ಆರು ಅಕ್ಷರ ದಾಟುವಂತಿರಲಿಲ್ಲ. ಇಂಗ್ಲಿಷಿನಲ್ಲಿ ಏಳು ಅಕ್ಷರವಿರುವ 'ಡಂಜನ್' ಅನ್ನುವ ಆಟದ ಫೈಲಿನ ಹೆಸರಿನಿಂದ ಒಂದು ಓ ಹಾರಿಹೋಗಿತ್ತು. ಮಡ್ ಹೆಸರಿನ ಕೊನೆಯ ಡಿ ಬಂದದ್ದು ಅದೇ ಓ ಕಳೆದುಕೊಂಡ ಆಟದಿಂದ. ಆದರೆ ಇವತ್ತು ಒಂದು ಟೋಪಿಯ ಚಿತ್ರಕ್ಕೇ ಲಕ್ಷಗಟ್ಟಲೆ ಬೈಟ್ ಸುರಿಯುವ ಆಟಗಳು ಹೆಸರಿನಲ್ಲಿ ನಾಲ್ಕು ಬೈಟ್ ಉಳಿಸಿ ಏನು ಮಾಡಬೇಕು? ಹೆಚ್ಚೆಂದರೆ ಪಾತ್ರದ ತಲೆಯ ಮೇಲೆ ತೇಲುವ ಹೆಸರು ಪರದೆಯ ಆಚೆ ಹೋಗಬಾರದು, ಅಷ್ಟೇ.

ಉದ್ದ ಅಂದರೆ ಏನು ಅನ್ನುವುದೇ ಅಷ್ಟು ಸುಲಭವಲ್ಲ. 'ಲಕ್ಷ್ಮಿ' ಅನ್ನುವ ಹೆಸರಲ್ಲಿ ಎಷ್ಟು ಅಕ್ಷರ? ನೀವು ಎರಡು ಅನ್ನುತ್ತೀರಿ. ಯೂನಿಕೋಡ್ ಏಳು ಅನ್ನುತ್ತದೆ: ಲ, ಕ, ವಿರಾಮ (ಅಕ್ಷರದ ಸ್ವರ ತೆಗೆದು ಒತ್ತು ಕೂಡಿಸುವ ಚಿಹ್ನೆ), ಷ, ಇನ್ನೊಂದು ವಿರಾಮ, ಮ, ಗುಡಿಸು. ಡಿಸ್ಕ್ ಮೇಲೆ ಬರೆದರೆ 21 ಬೈಟ್. ಯಾಕೆಂದರೆ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ್ದಕ್ಕೆ ಮೂರು. ಈ ಪದ್ಧತಿಯನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ಮುಗಿಸಿದರು. ಎಷ್ಟು ಚೆಂದದ ಲೆಕ್ಕ ಅಂದರೆ ಇವತ್ತಿಗೂ ವೆಬ್ ಪುಟಗಳು ಬಹುಪಾಲು ಅದರಲ್ಲೇ ಇವೆ. ಆದರೆ ಆಟ ಬರೆದವನು ಸೋಮಾರಿಯಾಗಿ ಬೈಟ್ ಎಣಿಸಿ 16ಕ್ಕೆ ಗೆರೆ ಹಾಕಿದರೆ ಲಕ್ಷ್ಮಿಗೆ ಒಳಗೆ ಜಾಗವಿಲ್ಲ, ಎರಡೇ ಅಕ್ಷರದವಳಾದರೂ.

ಇನ್ನು ನನಗೆ ತೀರಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷಿನ ಸಣ್ಣ ಎ ನಂಬರು 97. ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ ಥೇಟ್ ಅದೇ ಆಕಾರದ ಎ ಇದೆ, ನಂಬರು 1072. ನಮ್ಮ ಅ 3205, ತೆಲುಗಿನ ಅ 3077. ಅವಳಿ ಮಕ್ಕಳಿದ್ದ ಹಾಗೆ, ಮುಖ ಒಂದೇ, ಜನ್ಮಪತ್ರ ಬೇರೆ. 2002ರಲ್ಲಿ ಇಬ್ಬರು ಸಂಶೋಧಕರು ಸಿರಿಲಿಕ್ ಅಕ್ಷರ ಬೆರೆಸಿ ಮೈಕ್ರೋಸಾಫ್ಟ್‌ನ ವೆಬ್ ವಿಳಾಸದಂತೆಯೇ ಕಾಣುವ ವಿಳಾಸವೊಂದನ್ನು ನಿಜವಾಗಿಯೇ ನೋಂದಾಯಿಸಿ ತೋರಿಸಿದ್ದರು. ಆಟಗಾರರು ಇದನ್ನು ಇನ್ನೊ೦ದು ರೀತಿಯಲ್ಲೂ ಬಳಸುತ್ತಾರೆ. ಸ್ಟಾರ್‌ಕ್ರಾಫ್ಟ್ 2ರಲ್ಲಿ ಗುರುತು ಸಿಗಬಾರದೆಂದು ದೊಡ್ಡ ಐ, ಸಣ್ಣ ಎಲ್ ಎರಡನ್ನೇ ಸಾಲಾಗಿ ಜೋಡಿಸಿ ಹೆಸರಿಡುವವರಿದ್ದಾರೆ. ನೋಡಲು ಸಾಮಾನಿನ ಮೇಲಿನ ಗೆರೆಗೆರೆ ಚೀಟಿ, ಹಾಗಾಗಿ ಅವರನ್ನು ಬಾರ್‌ಕೋಡ್‌ಗಳು ಅಂತಲೇ ಕರೆಯುತ್ತಾರೆ. 12 ಜಾಗ, ಜಾಗಕ್ಕೆ ಎರಡೇ ಆಯ್ಕೆ, ಒಟ್ಟು 4096 ಹೆಸರು. ಒಂದನ್ನೂ ನೆನಪಿಟ್ಟುಕೊಳ್ಳಲು ಆಗುವುದಿಲ್ಲ. ಈ ಬುದ್ಧಿವಂತಿಕೆಯನ್ನು ನಾನು ಮೆಚ್ಚುತ್ತೇನೆ, ಎದುರಾಳಿ ಅಂಥವನಾದಾಗ ಬೈದುಕೊಳ್ಳುತ್ತೇನೆ.

ಹಾಗಾದರೆ ಸರ್ವರ್ ಏನು ಮಾಡಬೇಕು? ನೀವು ಕೊಟ್ಟ ಹೆಸರನ್ನು ಹಾಗೇ ಹೋಲಿಸಬಾರದು. ಮೊದಲು ಅದರ ಅಲಂಕಾರವನ್ನೆಲ್ಲ ಕಳಚಬೇಕು. ಯೂನಿಕೋಡ್‌ನವರ 39ನೇ ತಾಂತ್ರಿಕ ಮಾನದಂಡದಲ್ಲಿ ಇದಕ್ಕೆ ಒಂದು ವಿಧಾನ ಇದೆ. ಅದರಲ್ಲಿ ಸಿಗುವ ರೂಪದ ಹೆಸರೇ ಅಸ್ಥಿಪಂಜರ. ಒಂದೇ ಥರ ಕಾಣುವ ಅಕ್ಷರಗಳ ಉದ್ದನೆಯ ಪಟ್ಟಿ ಇದೆ, ಪ್ರತಿ ಗುಂಪಿಗೂ ಒಬ್ಬ ಪ್ರತಿನಿಧಿ. ಅಕ್ಷರ ತೆಗೆದು ಪ್ರತಿನಿಧಿಯನ್ನು ಕೂರಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಮೂಳೆ. ಎರಡು ಹೆಸರುಗಳ ಮೂಳೆ ಒಂದೇ ಆದರೆ ಎರಡನೆಯವರಿಗೆ ಬಾಗಿಲು ಬಂದ್. ನಮ್ಮ ಅನುಸ್ವಾರ, ನಮ್ಮ ಸೊನ್ನೆ, ಇಂಗ್ಲಿಷಿನ ಸಣ್ಣ ಓ ಮೂವರೂ ಆ ಪಟ್ಟಿಯಲ್ಲಿ ಒಂದೇ ಗುಂಪು! ಅಂದರೆ ತಲೆಬರಹದ ಎರಡು ಸಿಂಹಗಳಿಗೆ ಮೂಳೆ ಒಂದೇ. ಬಟ್ಟೆ ಬೇರೆ, ಎಕ್ಸ್‌ರೇ ಒಂದೇ ಅಂದ ಹಾಗೆ. ಅಥವಾ ಹೀಗೆ ನೋಡಿ: ಒಂದೇ ರಾಗವನ್ನು ಒಬ್ಬ ಕೊಳಲಲ್ಲಿ ನುಡಿಸಿದ, ಇನ್ನೊಬ್ಬ ವೀಣೆಯಲ್ಲಿ ನುಡಿಸಿದ, ನೀವು ವಾದ್ಯ ಬಿಟ್ಟು ಸ್ವರ ಮಾತ್ರ ಬರೆದುಕೊಂಡಿರಿ.

ಇದಕ್ಕೂ ಮೊದಲು ಇನ್ನೊಂದು ಜರಡಿ ಇದೆ. 'ಕೊಕ್ಕರೆ'ಯ ಕೊ ಬರೆಯಲು ಒತ್ವದ ಚಿಹ್ನೆಯನ್ನು ಒಂದೇ ನಂಬರಾಗಿ, 3274 ಅಂತ, ಹಾಕಬಹುದು. ಇಲ್ಲವೇ 3270 ಮತ್ತು 3266 ಅಂತ ಎರಡು ತುಂಡು ಅಂಟಿಸಬಹುದು. ಯೂನಿಕೋಡ್ ಪ್ರಕಾರ ಎರಡೂ ಒಂದೇ. ಈ ವ್ಯತ್ಯಾಸವನ್ನೂ ಮೊದಲೇ ಇಸ್ತ್ರಿ ಹಾಕಿ ಸರಿಮಾಡಬೇಕು. ಇಸ್ತ್ರಿ ಅಂದೆನಲ್ಲ, ಆ ಮಾತಿನಲ್ಲೇ ಎಲ್ಲರೂ ಮರೆಯುವ ಒಂದು ಷರತ್ತಿದೆ. ಒಮ್ಮೆ ಇಸ್ತ್ರಿ ಆದ ಬಟ್ಟೆಗೆ ಮತ್ತೆ ಇಸ್ತ್ರಿ ಹಾಕಿದರೆ ಏನೂ ಬದಲಾಗಬಾರದು. ಜರಡಿ ಹಿಡಿದ ಹಿಟ್ಟನ್ನು ಅದೇ ಜರಡಿಗೆ ಹಾಕಿದರೆ ಪೂರ್ತಿ ಕೆಳಗೆ ಬೀಳಬೇಕು, ಮೇಲೆ ಚೂರೂ ನಿಲ್ಲಬಾರದು.

ಈ ಷರತ್ತು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಆಟದ ಲೋಕದ ಹೊರಗಿನ ಕಥೆಯೊಂದು ಇದೆ. 2013ರಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ತಾನೇ ಇದನ್ನು ಬರೆದುಕೊಂಡಿತು. ಅಲ್ಲಿ 'ಬಿಗ್‌ಬರ್ಡ್' ಅನ್ನುವ ಹೆಸರನ್ನು ಯಾರೋ ಪುಟ್ಟಪುಟ್ಟ ಮೇಲಕ್ಷರಗಳಲ್ಲಿ ಬರೆದರು, ಗಣಿತದಲ್ಲಿ ವರ್ಗದ ಎರಡನ್ನು ಮೇಲೆ ಏರಿಸಿ ಬರೆಯುತ್ತೇವಲ್ಲ, ಹಾಗೆ. ಸರ್ವರ್ ಒಂದು ಸಲ ಇಸ್ತ್ರಿ ಹಾಕಿತು, ಎಲ್ಲವೂ ಇಂಗ್ಲಿಷಿನ ದೊಡ್ಡ ಅಕ್ಷರಗಳಾದವು. ಆ ರೂಪದಲ್ಲಿ ಯಾರೂ ಇರಲಿಲ್ಲ, ಹೊಸ ಅಕೌಂಟ್ ಆಯಿತು. ಆಮೇಲೆ ಆ ಹೊಸಬ ಪಾಸ್‌ವರ್ಡ್ ಮರೆತಿದ್ದೇನೆ ಅಂದ. ಲಿಂಕ್ ಅವನ ಮೇಲ್‌ಗೇ ಬಂತು. ಲಿಂಕ್ ಒತ್ತಿದಾಗ ಸರ್ವರ್ ಇನ್ನೊಮ್ಮೆ ಇಸ್ತ್ರಿ ಹಾಕಿತು, ದೊಡ್ಡ ಅಕ್ಷರಗಳು ಸಣ್ಣವಾದವು. ಸಣ್ಣ ಅಕ್ಷರದ ಬಿಗ್‌ಬರ್ಡ್ ಅಂದರೆ ಮೊದಲಿನಿಂದ ಇದ್ದ ಅಸಲಿ ಬಳಕೆದಾರ. ಅವನ ಪಾಸ್‌ವರ್ಡ್ ಬದಲಾಗಿ, ಮನೆಯ ಬೀಗದ ಕೈ ಕಳ್ಳನ ಜೇಬಿಗೆ ಸೇರಿತು. ಯಾರೂ ಏನನ್ನೂ ಒಡೆಯಲಿಲ್ಲ. ಎರಡು ಸಲ ಇಸ್ತ್ರಿ ಹಾಕಿದರು, ಅಷ್ಟೇ.

ಇಂಥ ಕಥೆ ಕೇಳಿದ ಕೂಡಲೇ ಕೆಲವರು "ಇಂಗ್ಲಿಷ್ ಅಕ್ಷರ ಬಿಟ್ಟು ಉಳಿದದ್ದೆಲ್ಲ ಬ್ಯಾನ್" ಅನ್ನುತ್ತಾರೆ. ನನಗೆ ಇದು ಸಿಟ್ಟು ಬರಿಸುತ್ತದೆ. 2024ರ ಯೂನಿಕೋಡ್‌ನಲ್ಲಿ 1,54,998 ಅಕ್ಷರಗಳಿವೆ, ನೀವು 26 ಇಟ್ಟುಕೊಂಡು ಬಾಗಿಲು ಹಾಕಿದಿರಿ. ಹಾಕಿಯೂ ಐ ಮತ್ತು ಎಲ್ ಒಳಗೇ ಉಳಿದವಲ್ಲ! ಇನ್ನು ಕೆಲವರು ಕಣ್ಣಿಗೆ ಕಾಣದ ಅಕ್ಷರಗಳನ್ನು ಮಾತ್ರ ಕಿತ್ತುಹಾಕುತ್ತಾರೆ. ಅಗಲವೇ ಇಲ್ಲದ ಅಕ್ಷರಗಳು ಯೂನಿಕೋಡ್‌ನಲ್ಲಿವೆ, ಅವನ್ನು ನಡುವೆ ತುರುಕಿ ನಕಲಿ ಹೆಸರು ಮಾಡುವವರೂ ಇದ್ದಾರೆ, ನಿಜ. ಆದರೆ ಈ ಲೇಖನದಲ್ಲೇ 'ಆನ್‌ಲೈನ್' ಅಂತ ಬರೆದಿದ್ದೇನಲ್ಲ, ಅಲ್ಲಿ ನ್ ಮತ್ತು ಲೈ ನಡುವೆ ಅಂಥದ್ದೇ ಒಂದು ಕೂತಿದೆ. ಅದನ್ನು ಕಿತ್ತರೆ 'ಆನ್ಲೈನ್' ಆಗಿ ಲ ಒತ್ತಾಗಿ ಕೆಳಗಿಳಿಯುತ್ತದೆ. ಯೂನಿಕೋಡ್ ನಿಯಮ ಇಲ್ಲಿ ಜಾಣತನ ತೋರಿಸಿದೆ: ಲಕ್ಷ್ಮಿಯಲ್ಲಿ ಕಂಡ ಆ ವಿರಾಮದ ನಂತರ ಬಂದರೆ ಇರಲಿ, ಎಲ್ಲೆಂದರಲ್ಲಿ ಬಂದರೆ ಬೇಡ. ಅಷ್ಟು ಯೋಚಿಸುವ ತಾಳ್ಮೆ ಎಷ್ಟು ಆಟಗಳಿಗಿದೆಯೋ!

ಕೆಟ್ಟ ಪದಗಳ ಜರಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಬೇರೆಯದೇ ಪುರಾಣ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಒಎಲ್ ಅನ್ನುವ ಇಂಟರ್ನೆಟ್ ಸೇವೆಯ ಅಕೌಂಟ್ ತೆರೆಯಲು ಆಗಲಿಲ್ಲ, ಊರಿನ ಹೆಸರಿನ ಹೊಟ್ಟೆಯಲ್ಲಿ ನಾಲ್ಕು ಅಕ್ಷರದ ಬೈಗುಳವೊಂದು ಅಡಗಿತ್ತು. ಈ ತೊಂದರೆಗೆ ಇವತ್ತಿಗೂ ಆ ಊರಿನದೇ ಹೆಸರು. ಪಾಪ.

ಇಷ್ಟೆಲ್ಲ ಒದ್ದಾಟದ ಬದಲು ಹೆಸರು ಒಬ್ಬರಿಗೇ ಸಿಗಬೇಕು ಅನ್ನುವ ಹಟವನ್ನೇ ಬಿಟ್ಟರೆ? ಮೈನ್‌ಕ್ರಾಫ್ಟ್ 2015ರಿಂದ ಹೆಸರು ಬದಲಿಸಲು ಬಿಟ್ಟಿದೆ, ಯಾಕೆಂದರೆ ಅದು ನಿಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಹಿಂದೆ ಇರುವ 128 ಬಿಟ್‌ನ ಸಂಖ್ಯೆಯಿಂದ. ಹಾಗಿದ್ದೂ ಅಲ್ಲಿ ಒಂದು ಹೊತ್ತಿಗೆ ಒಂದು ಹೆಸರು ಒಬ್ಬರಿಗೇ. ಆಟಗಳನ್ನು ಮಾರುವ ಸ್ಟೀಮ್‌ನಲ್ಲಿ ಅದೂ ಇಲ್ಲ, ಒಂದೇ ಹೆಸರಿನವರು ಎಷ್ಟು ಜನ ಬೇಕಾದರೂ ಇರಬಹುದು. ನಡುವಿನ ದಾರಿ ಎಂದರೆ ಹೆಸರಿಗೆ ಬಾಲ ಕಟ್ಟುವುದು. ಇದರ ತಮಾಷೆ ನೋಡಿ. ಆಟಗಾರರು ಹರಟೆಗೆ ಬಳಸುವ ಡಿಸ್ಕಾರ್ಡ್‌ನಲ್ಲಿ ಪ್ರತಿ ಹೆಸರಿಗೂ ನಾಲ್ಕು ಅಂಕಿಯ ಬಾಲ ಇತ್ತು. 2023ರಲ್ಲಿ ಅದನ್ನು ಕತ್ತರಿಸಲು ಶುರು ಮಾಡಿ, ಒಂದು ಹೆಸರು ಒಬ್ಬರಿಗೇ ಅಂದರು. ಅದೇ ವರ್ಷ ನವೆಂಬರ್‌ನಲ್ಲಿ ಲೀಗ್ ಆಫ್ ಲೆಜೆಂಡ್ಸ್ ಒಂದು ಹೆಸರು ಒಬ್ಬರಿಗೇ ಅನ್ನುವುದನ್ನು ಬಿಟ್ಟು ಬಾಲ ಕಟ್ಟಿತು. ಇಬ್ಬರೂ ಆಟಗಾರರ ಅನುಕೂಲಕ್ಕೇ ಅಂದರು. ನನ್ನ ಮತ ಬಾಲದ ಕಡೆಗೆ. ಬಾಲ ನೆನಪಿರುವುದಿಲ್ಲ, ಒಪ್ಪಿದೆ. ಆದರೆ ಇಷ್ಟದ ಹೆಸರಿಗೆ ಮೂರು ಅಡಿಗೆರೆ ಎಳೆದು ಹುಟ್ಟಿದ ವರ್ಷ ಅಂಟಿಸುವುದು ಇನ್ನೂ ಕೆಟ್ಟ ಬಾಲ ಅಲ್ವಾ?

ಬಾಲ ಇದ್ದರೂ ಅಸ್ಥಿಪಂಜರದ ಕೆಲಸ ತಪ್ಪುವುದಿಲ್ಲ, ಬಾಲವನ್ನು ಓದುವವರು ಯಾರು? ಕತ್ತಿ ಕೊಡುವ ಆತುರದಲ್ಲಿ ಗೆಳೆಯರು ನೋಡುವುದು ಹೆಸರಿನ ಮುಖವನ್ನು ಮಾತ್ರ. ಅಂದಹಾಗೆ, ತಲೆಬರಹ ಬಿಟ್ಟು ಇನ್ನೊಂದು ಕಡೆಯೂ ಅನುಸ್ವಾರದ ಜಾಗದಲ್ಲಿ ಸೊನ್ನೆ ಇಟ್ಟಿದ್ದೇನೆ. ಓದುವಾಗ ಗೊತ್ತಾಗಿರಲಿಕ್ಕಿಲ್ಲ. ಕಣ್ಣಲ್ಲಿ ಹುಡುಕಿ ಸುಸ್ತಾಗಬೇಡಿ, ಪುಟದಲ್ಲಿ ಹುಡುಕುವ ಪೆಟ್ಟಿಗೆಗೆ ಈ ಅಂಕಿಯನ್ನು ಹಾಕಿ ನೋಡಿ: ೦