ಹಾಡಿನಲ್ಲಿ ಸರದಿ ಮೊದಲೇ ಗೊತ್ತಿರುತ್ತದೆ

ಆಟಿಸಂ ಇರುವ ವಯಸ್ಕರು ವಾರಕ್ಕೊಮ್ಮೆ ಕೂಡಿ ಹಾಡುವ ಸಣ್ಣ ಗುಂಪೊಂದು ಶಿವಮೊಗ್ಗದಲ್ಲಿದೆ ಎಂದಾಗ ಕೇಳಿದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಎತ್ತುತ್ತಾರೆ: ಹಾಡಿದರೆ ವಾಸಿಯಾಗುತ್ತದೆಯೇ? ಮಾತೇ ಆಡದವರು ಹಾಡುವುದಾದರೂ ಹೇಗೆ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಆಟಿಸಂ ವಾಸಿಮಾಡಬೇಕಾದ ಕಾಯಿಲೆಯಲ್ಲ. ಅದು ಹುಟ್ಟಿನಿಂದ ಕೊನೆಯವರೆಗೂ ಇರುವ ಮಿದುಳಿನ ರಚನೆ. 9 ದೇಶಗಳ 364 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಂಗೀತ ಚಿಕಿತ್ಸೆಯಿಂದ ಆಟಿಸಂ ಲಕ್ಷಣಗಳ ತೀವ್ರತೆ ಗಮನಾರ್ಹವಾಗಿ ತಗ್ಗಲಿಲ್ಲ. ಹಾಡನ್ನು ಔಷಧಿಯೆಂದು ಮಾರುವವರನ್ನು ನಂಬಬಾರದು.

ಎರಡನೆಯ ಪ್ರಶ್ನೆಗೆ ಉತ್ತರಿಸಬೇಕಾದರೆ ಮಾತುಕತೆ ಎಷ್ಟು ಕಷ್ಟದ ಕೆಲಸವೆಂಬುದನ್ನು ಮೊದಲು ನೋಡಬೇಕು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದರ ಪ್ರಕಾರ, ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಆರಂಭಿಸುವುದರ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ. ಆದರೆ ಒಂದೇ ಒಂದು ಪದವನ್ನು ಆಯ್ದು ನಾಲಿಗೆಗೆ ತರಲು ಮಿದುಳಿಗೆ ಸುಮಾರು 600 ಮಿಲಿಸೆಕೆಂಡು ಬೇಕು. ಆದ್ದರಿಂದ ಎದುರಿನವರ ಮಾತು ಮುಗಿಯುವ ಮೊದಲೇ, ಅವರ ದನಿಯ ಏರಿಳಿತ, ವಾಕ್ಯದ ಓಟ, ಕಣ್ಣಿನ ಚಲನೆ ಇವುಗಳಿಂದ ಅದು ಎಲ್ಲಿ ಮುಗಿಯುತ್ತದೆಂದು ಊಹಿಸಿ ನಾವು ಉತ್ತರ ಸಿದ್ಧಪಡಿಸಿಕೊಳ್ಳುತ್ತಿರುತ್ತೇವೆ. ಆಟಿಸಂ ಇರುವ ಅನೇಕರಿಗೆ ಈ ಊಹೆಯೇ ದೊಡ್ಡ ಶ್ರಮ. ಫ್ಯಾನಿನ ಸದ್ದು, ಟ್ಯೂಬ್‌ಲೈಟಿನ ಗುಂಯ್ಗುಡುವಿಕೆ, ಮಾತಾಡುವವರ ಮುಖಭಾವ ಎಲ್ಲವೂ ಒಂದೇ ತೂಕದಲ್ಲಿ ಬಂದೆರಗುವಾಗ ಉತ್ತರ ಸಿದ್ಧವಾಗುವಷ್ಟರಲ್ಲಿ ಸರದಿ ಕೈತಪ್ಪಿರುತ್ತದೆ. ನೋಡುವವರು ಅದನ್ನು ಹಟವೆನ್ನುತ್ತಾರೆ, ಇಲ್ಲವೇ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುತ್ತಾರೆ. ಹೀಗೆ ಎಷ್ಟೋ ಮನೆಗಳಲ್ಲಿ ಅಮೂಲ್ಯ ವರ್ಷಗಳು ಕಳೆದುಹೋಗುತ್ತಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಾಡಿನಲ್ಲಿ ಈ ಊಹೆಯ ಹೊರೆ ಇಲ್ಲ. ಆದಿತಾಳದ ಎಂಟು ಅಕ್ಷರಗಳು ಮುಗಿದೊಡನೆ ಮುಂದಿನ ಆವರ್ತ ಎಲ್ಲಿ ಆರಂಭವಾಗುತ್ತದೆಂಬುದು ಎಲ್ಲರಿಗೂ ಒಂದೇ ರೀತಿ ತಿಳಿದಿರುತ್ತದೆ. ತುಂಬಿದ ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ಹಾರಿ ದಾಟುವುದಕ್ಕೂ ಕಾಲುಸಂಕದ ಮೇಲೆ ನಡೆದು ದಾಟುವುದಕ್ಕೂ ಇರುವಷ್ಟೇ ವ್ಯತ್ಯಾಸ ಮಾತಿಗೂ ಹಾಡಿಗೂ ಇದೆ. ಅದರಲ್ಲೂ ನಮ್ಮ ಭಜನೆಯಲ್ಲಿ ಮುಂದಾಳು ಒಂದು ಸಾಲು ಹೇಳುತ್ತಾನೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಕೇಳಿದ್ದನ್ನು ಹಾಗೆಯೇ ಮರುನುಡಿಯುವುದನ್ನು ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರ ತಮ್ಮ ಲೇಖನದಲ್ಲಿ ಆಟಿಸಂ ಲಕ್ಷಣವಾಗಿ ವರ್ಣಿಸಿದರು. ಅಲ್ಲಿನ 11 ಮಕ್ಕಳಲ್ಲಿ ಒಬ್ಬ ಹುಡುಗ ಒಂದು ವರ್ಷದವನಿದ್ದಾಗಲೇ ಅನೇಕ ಧಾಟಿಗಳನ್ನು ತಪ್ಪಿಲ್ಲದೆ ಹಾಡುತ್ತಿದ್ದನೆಂಬುದೂ ಅದೇ ಲೇಖನದಲ್ಲಿದೆ. ಮರುನುಡಿ ಅರ್ಥಹೀನವಲ್ಲ, ಸಂಭಾಷಣೆಯಲ್ಲಿ ತನ್ನ ಸರದಿಯನ್ನು ತುಂಬುವುದೂ ಅದರ ಒಂದು ಉದ್ದೇಶ ಎಂದು 1981ರಲ್ಲಿ ಸಂಶೋಧಕರಾದ ಪ್ರೈಜಾಂಟ್ ಮತ್ತು ಡ್ಯೂಕನ್ ತೋರಿಸಿಕೊಟ್ಟರು. ಚಿಕಿತ್ಸಾಲಯದಲ್ಲಿ ದೋಷವೆನಿಸಿದ್ದು ಭಜನೆಯಲ್ಲಿ ಕ್ರಮವೇ ಆಗಿದೆ.

ಶಿವಮೊಗ್ಗದ ಆ ಗುಂಪಿನಲ್ಲಿ ಮಾತನ್ನು ಬಹುತೇಕ ಬಳಸದ ಮಹಿಳೆಯೊಬ್ಬರಿದ್ದಾರೆ. ಹಾರ್ಮೋನಿಯಂನ ಕಪ್ಪು ಎರಡರಲ್ಲಿ, ಅಂದರೆ ಎರಡನೆಯ ಕಪ್ಪು ಮನೆಯಲ್ಲಿ, ಶ್ರುತಿ ಹಿಡಿದರೆ ಪಲ್ಲವಿಯನ್ನು ಪೂರ್ತಿ ಹಾಡುತ್ತಾರೆ. ಕಪ್ಪು ಒಂದಕ್ಕೆ ಇಳಿಸಿದರೆ ಬಾಯಿ ತೆರೆಯುವುದಿಲ್ಲ. ಬಿಡಿ ಸ್ವರಗಳ ಎತ್ತರವನ್ನು ನೆನಪಿಟ್ಟುಕೊಳ್ಳುವುದರಲ್ಲಿ ಆಟಿಸಂ ಇರುವ ಮಕ್ಕಳು ಇತರರಿಗಿಂತ ಮುಂದಿರುವುದನ್ನು ಮನೋವಿಜ್ಞಾನಿ ಪಮೆಲಾ ಹೀಟನ್ ಅವರ ಪ್ರಯೋಗಗಳು ದಾಖಲಿಸಿವೆ. ಆದ್ದರಿಂದ ಆ ಮಹಿಳೆಯ ಮೌನ ಹಟವಲ್ಲ, ಶ್ರುತಿ ಬದಲಾದರೆ ಅವರ ಕಿವಿಗೆ ಅದು ಬೇರೆಯೇ ಹಾಡು. ಹಿತ್ತಾಳೆಯ ತಾಳ ಬಡಿದೊಡನೆ ಕಿವಿ ಮುಚ್ಚಿಕೊಂಡು ಹೊರನಡೆಯುತ್ತಿದ್ದ ಇನ್ನೊಬ್ಬರು, ತಾಳವನ್ನು ಬಿಟ್ಟು ತೊಡೆಯ ಮೇಲೆ ಕೈತಟ್ಟಲು ಆರಂಭಿಸಿದ ಮೇಲೆ ಕೊನೆಯವರೆಗೂ ಕುಳಿತಿರುತ್ತಾರೆ. ಎಲ್ಲರೂ ಪಕ್ಕಪಕ್ಕದಲ್ಲಿ ಕೂರುವುದರಿಂದ ಯಾರ ಕಣ್ಣನ್ನೂ ನೋಡಬೇಕಾಗಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಆದರೂ ನಮ್ಮಲ್ಲಿ ಇರುವ ಅಲ್ಪಸ್ವಲ್ಪ ಸೌಲಭ್ಯ ಮಕ್ಕಳಿಗಾಗಿಯೇ ಇದ್ದು, ಶಾಲೆ ಮುಗಿದವರು ಮನೆಯಲ್ಲೇ ಉಳಿಯುತ್ತಾರೆ. ಭಜನಾ ಮಂಡಳಿಗಳೋ ಮಲೆನಾಡಿನ ಊರೂರಲ್ಲೂ ಇವೆ. ತೀರ್ಥಹಳ್ಳಿಯದಾಗಲಿ ಸಾಗರದ್ದಾಗಲಿ, ಇಂಥ ಒಬ್ಬರನ್ನು ಸೇರಿಸಿಕೊಳ್ಳಬಯಸುವ ಮಂಡಳಿ ಹಾಡುಗಳ ಪಟ್ಟಿಯನ್ನು ಮುಂಚಿತವಾಗಿ ಕೊಟ್ಟು ಆ ಕ್ರಮವನ್ನು ಬದಲಿಸದಿರಬೇಕು, ಮೈಕನ್ನು ಬದಿಗಿಡಬೇಕು, ಅವರು ಎದ್ದು ಜಗಲಿಗೆ ಹೋದರೆ ಹಿಂದೆಯೇ ಕರೆಯಲು ಹೋಗದೆ ಹಾಡನ್ನು ಮುಂದುವರಿಸಬೇಕು.