ಕೊನೆಯ ಮೂರು ದಿನ ಕಾವಿನ ಬುಟ್ಟಿಗೆ ಕೈ ಹಾಕಬೇಡಿ

ನಾಟಿ ಕೋಳಿ ಸಾಕುವವರು ಪಶು ಆಸ್ಪತ್ರೆಗೆ ಹೊತ್ತು ತರುವ ದೂರುಗಳಲ್ಲಿ ಒಂದಂತೂ ಎಲ್ಲ ಕಾಲದಲ್ಲೂ ಕೇಳಿಬರುತ್ತದೆ: ಹೇಂಟೆ ಚೆನ್ನಾಗಿಯೇ ಕಾವು ಕೂತಿತ್ತು, 12 ಮೊಟ್ಟೆ ಇಟ್ಟಿದ್ದೆವು, ಎದ್ದದ್ದು 4 ಮರಿ. ಉಳಿದ ಮೊಟ್ಟೆಗಳನ್ನು ಎಸೆಯುವ ಮೊದಲು ಒಡೆದು ನೋಡಿ ಎಂದು ನಾನು ಹೇಳುತ್ತೇನೆ. ಒಳಗೆ ಏನೂ ಬೆಳೆಯದಿದ್ದರೆ ಮೊಟ್ಟೆ ಫಲವಾಗಿರಲಿಲ್ಲ, ಇಲ್ಲವೇ ಇಡುವ ಮೊದಲೇ ಕೆಟ್ಟಿತ್ತು ಎಂದರ್ಥ. ಮರಿ ಅರ್ಧ ಬೆಳೆದು ಸತ್ತಿದ್ದರೆ ನಡುವೆ ಕಾವು ತಪ್ಪಿರುವ ಸಾಧ್ಯತೆ ಹೆಚ್ಚು. ಪೂರ್ತಿ ಬೆಳೆದು, ಪುಕ್ಕ ಮೂಡಿ, ಚಿಪ್ಪಿನೊಳಗೇ ಸತ್ತಿದ್ದರೆ ತಪ್ಪು ಬಹುಮಟ್ಟಿಗೆ ಕೊನೆಯ ಮೂರು ದಿನಗಳಲ್ಲಿ ಆಗಿರುತ್ತದೆ. ನನಗೆ ಅತಿ ಹೆಚ್ಚು ಬೇಸರ ತರಿಸುವುದು ಈ ಸಾವುಗಳೇ, ಏಕೆಂದರೆ ಇವುಗಳಲ್ಲಿ ಹೆಚ್ಚಿನವನ್ನು ತಪ್ಪಿಸಬಹುದಿತ್ತು.

ಕಾವಿಗೆ ಇಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಅದನ್ನು ತೊಳೆಯಬಾರದು, ಏಕೆಂದರೆ ಚಿಪ್ಪಿನ ಮೇಲಿನ ತೆಳುಪೊರೆ ಹೋದರೆ ಸೂಕ್ಷ್ಮ ರಂಧ್ರಗಳ ಮೂಲಕ ರೋಗಾಣುಗಳು ಸುಲಭವಾಗಿ ಒಳಸೇರುತ್ತವೆ. ಬಯಲುಸೀಮೆಯ ಬೇಸಿಗೆಯಲ್ಲಿ ಮೊಟ್ಟೆಯನ್ನು ಅಟ್ಟದ ಮೇಲಿಟ್ಟರೆ ಹೇಂಟೆಯ ಕಾವು ಸಿಗುವ ಮೊದಲೇ ಭ್ರೂಣ ಅರೆಬರೆ ಬೆಳೆಯತೊಡಗಿ, ದುರ್ಬಲವಾಗಿ ಸಾಯುತ್ತದೆ. ಹಾಗೆಂದು ಫ್ರಿಜ್ಜಿನ ಚಳಿಯೂ ಅದಕ್ಕೆ ಹಿತವಲ್ಲ. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆ ಕೂರಿಸಿ, ಅದರಲ್ಲಿ ಚೂಪು ತುದಿ ಕೆಳಗಾಗುವಂತೆ ಮೊಟ್ಟೆ ಜೋಡಿಸಿಡುವ ಹಳ್ಳಿಯ ಕ್ರಮವೇ ಸಾಕು. ನಾಟಿ ಹೇಂಟೆಗೆ ಅದರದೇ ಗಾತ್ರದ 10ರಿಂದ 12 ಮೊಟ್ಟೆ ಸರಿ. ಗಿರಿರಾಜ ತಳಿ ಸಾಮಾನ್ಯವಾಗಿ ತಾನೇ ಕಾವು ಕೂರುವುದಿಲ್ಲವಾದ್ದರಿಂದ ಅದರ ಮೊಟ್ಟೆಗಳನ್ನು ನಾಟಿ ಹೇಂಟೆಯ ಅಡಿಯಲ್ಲಿ ಇಡುವವರಿದ್ದಾರೆ. ಅವು ದೊಡ್ಡವಾದ್ದರಿಂದ ಸಂಖ್ಯೆಯನ್ನು ಇಳಿಸಲೇಬೇಕು, ಇಲ್ಲವಾದರೆ ಅಂಚಿನ ಮೊಟ್ಟೆಗಳು ಸರದಿಯ ಮೇಲೆ ತಣ್ಣಗಾಗುತ್ತವೆ.

ಎಲ್ಲ ಮೊಟ್ಟೆಗಳನ್ನೂ ಒಂದೇ ದಿನ, ಕತ್ತಲಾದ ಮೇಲೆ ಇಟ್ಟು, ಪ್ರತಿಯೊಂದರ ಮೇಲೂ ಪೆನ್ಸಿಲಿನಿಂದ ಗೀಟು ಎಳೆಯಿರಿ. ಇದು ಅತಿ ಸಣ್ಣ ಕೆಲಸವೆಂದು ಜನ ಬಿಟ್ಟುಬಿಡುತ್ತಾರೆ. ಒಮ್ಮೆ ಒಂದು ಮನೆಯಲ್ಲಿ ಬುಟ್ಟಿಯಡಿ 17 ಮೊಟ್ಟೆಗಳನ್ನು ಕಂಡು ಕೇಳಿದಾಗ, ಆ ಮನೆಯ ಅಜ್ಜಿ, "ನಾನಿಟ್ಟದ್ದು ಹನ್ನೊಂದೇ ಡಾಕ್ಟ್ರೇ, ಮಿಕ್ಕಿದ್ದು ಎಲ್ಲಿಂದ ಬಂತೋ ಕಾಣೆ" ಎಂದರು. ಹೇಂಟೆ ಮೇವಿಗೆ ಎದ್ದಾಗ ಉಳಿದ ಕೋಳಿಗಳು ಅದೇ ಗೂಡಿಗೆ ಬಂದು ಮೊಟ್ಟೆ ಇಟ್ಟಿದ್ದವು. ಹೀಗಾದರೆ ಮೊದಲ ಮರಿಗಳು 21ನೆಯ ದಿನ ಎದ್ದೊಡನೆ ತಾಯಿ ಅವುಗಳ ಹಿಂದೆ ಹೊರಟುಬಿಡುತ್ತದೆ, ತಡವಾಗಿ ಸೇರಿದ ಮೊಟ್ಟೆಗಳೊಳಗಿನ ಅರ್ಧ ಬೆಳೆದ ಮರಿಗಳು ಚಳಿಗೆ ಸಾಯುತ್ತವೆ. ಗೀಟಿಲ್ಲದ ಮೊಟ್ಟೆಯನ್ನು ಆಯಾ ದಿನವೇ ತೆಗೆಯಿರಿ. ಸಾಧ್ಯವಿದ್ದರೆ ಕಾವಿನ ಹೇಂಟೆಗೆ ಬೇರೆ ಮೂಲೆಯನ್ನೇ ಕೊಡಿ.

ಕೂರಿಸುವ ಮೊದಲು ಹೇಂಟೆಯ ರೆಕ್ಕೆಯಡಿ ಮತ್ತು ಗುದದ ಸುತ್ತ ಹೇನು, ನುಸಿ ಇವೆಯೇ ಎಂದು ನೋಡಿ, ಇದ್ದರೆ ವೈದ್ಯರ ಸಲಹೆಯಂತೆ ಔಷಧ ಹಾಕಿಸಿ. ಕಡಿತ ತಾಳಲಾರದ ಹೇಂಟೆ ರಾತ್ರಿಯೇ ಗೂಡು ಬಿಟ್ಟೇಳುವುದನ್ನು, ಅದನ್ನು "ಕಾವು ಬಿಟ್ಟ ಕೋಳಿ" ಎಂದು ಜನ ದೂರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಕಾವಿನ ಹೇಂಟೆ ದಿನಕ್ಕೊಮ್ಮೆ ಸುಮಾರು 15ರಿಂದ 20 ನಿಮಿಷ ಮಾತ್ರ ಏಳುತ್ತದೆ. ಆ ಹೊತ್ತಿನಲ್ಲಿ ಅಲೆಯದೆ ತಿನ್ನಲು ಜೋಳ, ರಾಗಿ, ನುಚ್ಚು ಮತ್ತು ನೀರು ಹತ್ತಿರವೇ ಸಿಗಬೇಕು.

7ನೆಯ ದಿನ ರಾತ್ರಿ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದರೆ ಬೆಳೆಯುತ್ತಿರುವುದರಲ್ಲಿ ಜೇಡದ ಕಾಲುಗಳಂತೆ ಚಾಚಿದ ಕೆಂಪು ನರಗಳು ಕಾಣುತ್ತವೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಫಲವಾಗದ ಮೊಟ್ಟೆ. ಕೆಂಪು ಉಂಗುರ ಮಾತ್ರ ಕಂಡರೆ ಭ್ರೂಣ ಸತ್ತಿದೆ. 14ನೆಯ ದಿನ ಇನ್ನೊಮ್ಮೆ ನೋಡಿ, ಅನುಮಾನದವುಗಳನ್ನು ತೆಗೆದುಬಿಡಿ, ಏಕೆಂದರೆ ಕೊಳೆತ ಮೊಟ್ಟೆ ಬುಟ್ಟಿಯಲ್ಲೇ ಒಡೆದರೆ ಉಳಿದೆಲ್ಲವಕ್ಕೂ ಸೋಂಕು ತಗಲುತ್ತದೆ.

18ನೆಯ ದಿನದ ನಂತರ ಪರೀಕ್ಷೆ ನಿಲ್ಲಿಸಿಬಿಡಿ. ಈ ಹೊತ್ತಿಗೆ ಮರಿ ತಲೆಯನ್ನು ಮೊಟ್ಟೆಯ ಅಗಲ ತುದಿಯ ಗಾಳಿಗೂಡಿನತ್ತ ತಿರುಗಿಸಿ, ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಒಳಪೊರೆ ಸೀಳಿ, ಮೊದಲ ಬಾರಿಗೆ ಶ್ವಾಸಕೋಶದಿಂದ ಉಸಿರಾಡುತ್ತದೆ. ಚಿಪ್ಪಿಗೆ ಸಣ್ಣ ತೂತು ಬಿದ್ದ ಮೇಲೆ ಅದು 12ರಿಂದ 24 ಗಂಟೆ ಸುಮ್ಮನಿದ್ದಂತೆ ತೋರುತ್ತದೆ. ಆದರೆ ಅಷ್ಟರಲ್ಲಿ ಪೊರೆಯ ನರಗಳಲ್ಲಿನ ರಕ್ತ ಮರಿಯ ಮೈಸೇರುತ್ತಿರುತ್ತದೆ, ಮೊಟ್ಟೆಯಲ್ಲಿ ಉಳಿದ ಹಳದಿ ಭಾಗ ಹೊಕ್ಕುಳ ಮೂಲಕ ಹೊಟ್ಟೆಯೊಳಕ್ಕೆ ಹೋಗುತ್ತಿರುತ್ತದೆ. ಮರುಕದಿಂದ ಚಿಪ್ಪು ಸುಲಿದವರ ಕೈಯಲ್ಲಿ ಮರಿ ರಕ್ತ ಸುರಿಸಿ ಸಾಯುವುದು ಇದಕ್ಕಾಗಿಯೇ. ಜೀವವಿದೆಯೇ ಎಂದು ತಿಳಿಯಲು ಕೆಲವರು ಮೊಟ್ಟೆಯನ್ನು ಬೆಚ್ಚಗಿನ ನೀರಿನಲ್ಲಿ ತೇಲಿಬಿಡುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ನೀರು ಒಳನುಗ್ಗಿ ಮರಿ ಮುಳುಗಿಯೇ ಸಾಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಈ ದಿನಗಳಲ್ಲಿ ಹೇಂಟೆಯನ್ನು ಪದೇ ಪದೇ ಎತ್ತಿದರೆ ತೇವಾಂಶ ಆರಿ, ಒಳಪೊರೆ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಬಿಸಿಲು ಹೆಚ್ಚಿದ್ದರೆ ಬುಟ್ಟಿಯ ಕೆಳಗಿನ ನೆಲವನ್ನು ಮಾತ್ರ ನೆನೆಸಿ, ಮೊಟ್ಟೆಗೆ ನೀರು ಚಿಮುಕಿಸಬೇಡಿ.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ತುಂಡು, ಇದ್ದಿಲು ಇಡುವ ರೂಢಿಯನ್ನು ನಾನು ವಿರೋಧಿಸುವುದಿಲ್ಲ, ಆದರೆ ಕಬ್ಬಿಣ ಉರುಳಿ ಚಿಪ್ಪು ಒಡೆಯದಂತೆ ಹುಲ್ಲಿನಡಿ ಹುದುಗಿಸಿ. ಮಳೆಗಾಲದಲ್ಲಿ ನಿಜವಾಗಿ ಕೇಡು ತರುವುದು ಸೋರುವ ಮಾಡು ಮತ್ತು ನೆನೆದ ಹುಲ್ಲು.

ಮೊದಲ ಮರಿ ಎದ್ದ ಮೇಲೂ ಅವಸರ ಬೇಡ. ಹೊಟ್ಟೆಯೊಳಗಿನ ಹಳದಿಯ ಆಸರೆಯಿಂದ ಅದು ಒಂದೆರಡು ದಿನ ತಡೆಯಬಲ್ಲದು, ಅಷ್ಟರಲ್ಲಿ ಹಿಂದುಳಿದವೂ ಏಳುತ್ತವೆ. 23ನೆಯ ದಿನವೂ ಏಳದ ಮೊಟ್ಟೆಯನ್ನು ಕಿವಿಯ ಬಳಿ ಹಿಡಿದು ಕೇಳಿ. ಕಿಚಕಿಚ ಸದ್ದಾಗಲಿ ಕುಟ್ಟುವ ಸದ್ದಾಗಲಿ ಇಲ್ಲದಿದ್ದರೆ ತೆಗೆದುಬಿಡಿ. ಅನಂತರ ಹಳೆಯ ಹುಲ್ಲನ್ನು ಸುಟ್ಟು, ಮರಿಗಳು ಮುಳುಗದಂತೆ ಬೆಣಚುಕಲ್ಲು ಹಾಕಿದ ಆಳವಿಲ್ಲದ ತಟ್ಟೆಯಲ್ಲಿ ನೀರಿಟ್ಟು, ನುಚ್ಚು ಚೆಲ್ಲಿ, ತಾಯಿಯನ್ನೂ ಮರಿಗಳನ್ನೂ ಒಟ್ಟಿಗೇ ಹೊಸ ಜಾಗಕ್ಕೆ ಬಿಡಿ. ಕೋಳಿಗಳಿಗೆ ಮಾರಕವಾದ ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆಯನ್ನು ಒಂದು ವಾರದೊಳಗೆ ಹಾಕಿಸಬೇಕಾದ್ದರಿಂದ, ಎದ್ದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.