ಮೊದಲ ಪುಟ ಸರಿ, ಎರಡನೇ ಪುಟದಲ್ಲಿ ಅಕ್ಷರ ಮಾಯ

ಹಳೇ ಡಾಸ್ ಕಂಪ್ಯೂಟರಿಗೆ ಸೀರಿಯಲ್ ಪ್ರಿಂಟರ್ (ಒಂದರ ಹಿಂದೆ ಒಂದು ಬಿಟ್ ಪಡೆಯುವಂಥದ್ದು) ಜೋಡಿಸಿದವರಿಂದ ನಾನು ಹೆಚ್ಚಾಗಿ ಕೇಳುವ ದೂರು ಒಂದೇ. ಮೊದಲ ಪುಟ ಚೆನ್ನಾಗಿ ಬರುತ್ತದೆ, ಎರಡನೆಯದರಲ್ಲಿ ಅಲ್ಲಲ್ಲಿ ಅಕ್ಷರಗಳೇ ಇರುವುದಿಲ್ಲ. ಸ್ಪೀಡ್ ತಪ್ಪಿದೆ ಎಂಬುದು ಎಲ್ಲರ ಗುಮಾನಿ. ಸ್ಪೀಡ್ ಹೊಂದದಿದ್ದರೆ ಮೊದಲ ಸಾಲೇ ಗೋಜಲಾಗಿ ಬರುತ್ತಿತ್ತು, ಅಲ್ವಾ?

ಲೆಕ್ಕ ಹಾಕಿ ನೋಡಿ. 9600 ಬಾಡ್‌ನಲ್ಲಿ (ಅಂದರೆ ಸೆಕೆಂಡಿಗೆ ಅಷ್ಟು ಬಿಟ್) ಒಂದು ಅಕ್ಷರಕ್ಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಅಂದರೆ ಸೆಕೆಂಡಿಗೆ 960 ಅಕ್ಷರ. ಪ್ರಿಂಟರ್ ಹೊಡೆಯುವುದು 200 ಎಂದುಕೊಳ್ಳಿ. ಮಿಕ್ಕ 760 ಬಫರ್‌ನಲ್ಲಿ, ಅಂದರೆ ಪ್ರಿಂಟರಿನ ತಾತ್ಕಾಲಿಕ ಮೆಮೊರಿಯಲ್ಲಿ, ಕೂರಬೇಕು. ಬಫರ್ 2 ಕೆಬಿ ಇದ್ದರೆ ಮೂರು ಸೆಕೆಂಡಿನೊಳಗೆ ಭರ್ತಿ. ಅಷ್ಟರಲ್ಲಿ ಸುಮಾರು 2,600 ಅಕ್ಷರ ಹೋಗಿರುತ್ತದೆ, ಹೆಚ್ಚುಕಡಿಮೆ ಒಂದು ಪುಟ. ಆಮೇಲೆ ಬಂದದ್ದು ಚೆಲ್ಲಿಹೋಗುತ್ತದೆ.

ಪ್ರಿಂಟರ್ ‘ತಾಳು’ ಅನ್ನುತ್ತಲೇ ಇರುತ್ತದೆ. ಕೇಳಿಸಿಕೊಳ್ಳುವವರಿಲ್ಲ. ಇಂಥ ಕೇಬಲ್‌ನ ಕಂಪ್ಯೂಟರ್ ಕಡೆಯ 9 ಪಿನ್ ಕನೆಕ್ಟರ್ ಬಿಚ್ಚಿದರೆ 7ಕ್ಕೂ 8ಕ್ಕೂ ಒಂದು ತುಂಡು ತಂತಿ, 4ಕ್ಕೂ 6ಕ್ಕೂ ಇನ್ನೊಂದು ಬೆಸೆದಿರುವುದು ಕಾಣುತ್ತದೆ. ಕಳಿಸಲೇ ಎಂದು ಕಂಪ್ಯೂಟರ್ ತಾನೇ ಕೇಳಿ, ತಾನೇ ಹೂಂ ಅಂದುಕೊಳ್ಳುತ್ತದೆ! ಆ ತುಂಡುಗಳನ್ನು ತೆಗೆಯಿರಿ. ಪ್ರಿಂಟರ್ ಕಡೆಯ 25 ಪಿನ್ ಕನೆಕ್ಟರ್‌ನ 20ನೇ ಪಿನ್ನಿನಿಂದ ಒಂದು ತಂತಿ ತಂದು ಕಂಪ್ಯೂಟರ್ ಕಡೆಯ 8 ಮತ್ತು 6 ಎರಡಕ್ಕೂ ಬೆಸೆಯಿರಿ. ಕೆಲವು ಪ್ರಿಂಟರ್‌ಗಳು 20ರ ಬದಲು 11 ಬಳಸುತ್ತವೆ, ಮ್ಯಾನ್ಯುಯಲ್ ನೋಡಿಕೊಳ್ಳಿ.

ಆಮೇಲೆ ಡಾಸ್‌ನಲ್ಲಿ ಮೊದಲು ‘ಮೋಡ್ ಕಾಮ್1:9600,ಎನ್,8,1,ಪಿ’, ನಂತರ ‘ಮೋಡ್ ಎಲ್‌ಪಿಟಿ1:=ಕಾಮ್1’. ಕಾಮ್1 ಅಂದರೆ ಮೊದಲ ಸೀರಿಯಲ್ ಪೋರ್ಟ್, ಎಲ್‌ಪಿಟಿ1 ಅಂದರೆ ಮೊದಲ ಪ್ಯಾರಲಲ್ ಪೋರ್ಟ್; ಅದಕ್ಕೆ ಹೋಗುವ ಪ್ರಿಂಟನ್ನು ಎರಡನೇ ಆದೇಶ ಕಾಮ್1ಕ್ಕೆ ತಿರುಗಿಸುತ್ತದೆ. ಕೊನೆಯ ‘ಪಿ’ ಮರೆಯಬೇಡಿ. ಪ್ರಿಂಟರ್ ಬಿಡುವಿಲ್ಲ ಎಂದಾಗ ಡಾಸ್ ಕೈಚೆಲ್ಲದೆ ಮತ್ತೆ ಮತ್ತೆ ಪ್ರಯತ್ನಿಸುವುದು ಅದರಿಂದಲೇ. ಪ್ರಿಂಟರಿನ ಡಿಪ್ ಸ್ವಿಚ್‌ಗಳೂ (ಸೆಟ್ಟಿಂಗ್‌ಗೆಂದಿರುವ ಪುಟ್ಟ ಸ್ವಿಚ್‌ಗಳು) ಇದೇ ಸೆಟ್ಟಿಂಗ್‌ನಲ್ಲಿರಬೇಕು.

ಇನ್ನೊಂದು ತಕರಾರು ಐಆರ್‌ಕ್ಯುದು, ಅಂದರೆ ಸಾಧನಗಳು ಪ್ರೊಸೆಸರನ್ನು ಕರೆಯುವ ಗೆರೆಯ ನಂಬರಿನದು. ಕಾಮ್1 ಮತ್ತು ಕಾಮ್3 ಎರಡಕ್ಕೂ ಸಾಮಾನ್ಯವಾಗಿ 4, ಕಾಮ್2 ಮತ್ತು ಕಾಮ್4ಕ್ಕೆ 3. ನಂಬರು ಒಂದೇ ಆದರೆ ಜಗಳ, ಹಾಗಾಗಿ ಕಾಮ್1ರಲ್ಲಿ ಮೌಸ್ ಇದ್ದರೆ ಮೋಡೆಮ್ ಅನ್ನು ಕಾಮ್3ಕ್ಕೆ ಹಾಕಬೇಡಿ. ಪ್ಯಾರಲಲ್ ಪೋರ್ಟ್‌ನಲ್ಲಿ ಇಷ್ಟು ತಲೆನೋವಿಲ್ಲ. ವಿಳಾಸ ಸಾಮಾನ್ಯವಾಗಿ 378 (ಹೆಕ್ಸ್), ಹಳೇ ಪ್ರಿಂಟರಿಗೆ ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಸ್‌ಪಿಪಿ ಎಂಬ ಮಾಮೂಲಿ ಮೋಡ್ ಸಾಕು.

ಬೆಸುಗೆಗೆ ಕೂರುವ ಮುಂಚೆ ಒಂದು ಪರೀಕ್ಷೆ: ಎರಡೂ ಕಡೆ 1200 ಬಾಡ್‌ಗೆ ಇಳಿಸಿ. ಸೆಕೆಂಡಿಗೆ 120 ಅಕ್ಷರ, ಪ್ರಿಂಟರಿಗೆ ಆರಾಮ. ಆಗ ಅಕ್ಷರ ಹಾರುವುದು ನಿಂತರೆ ಕೇಬಲ್ಲೇ ಕಳ್ಳ. 1200ರಲ್ಲೇ ಬಿಟ್ಟು ವರ್ಷಗಟ್ಟಲೆ ದುಡಿಸಿಕೊಂಡವರೂ ಇದ್ದಾರೆ. ಬರೀ ಅಕ್ಷರವಾದರೆ ನಡೆಯುತ್ತದೆ, ಚಿತ್ರ ಪ್ರಿಂಟ್ ಮಾಡಬೇಕೆಂದರೆ ಸುಮ್ನೆ ಕೇಬಲ್ ಸರಿಮಾಡಿಕೊಳ್ಳುವುದೇ ಮೇಲು.